ಫಿಸಿಕ್ಸ್ ಓದಿದವರು ಏರೋಸ್ಪೇಸ್‌ಗೆ ಹೋಗೋದು ಹೇಗೆ?

ಇಸ್ರೋ ಸೈಂಟಿಸ್ಟ್ ಪೋಸ್ಟಿನ ನೋಟಿಫಿಕೇಶನ್ ತೆಗೆದ್ರೆ ಹೆಚ್ಚಾಗಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಬಿಇನೇ ಕೇಳಿರ್ತಾರೆ, ಅದನ್ನ ನೋಡಿ ಬಿಎಸ್ಸಿ ಎಂಎಸ್ಸಿ ಹುಡುಗ್ರು ಆಸೆನೇ ಬಿಟ್ಬಿಡ್ತಾರೆ. ಬಿಡ್ಬೇಡಿ. ನಮ್ಮಂಥ ಫಿಸಿಕ್ಸ್‌ನವರ ಕೆಲಸ ಇರೋದು ರಾಕೆಟ್‌ಗಿಂತ ಹೆಚ್ಚಾಗಿ ಅದರ ತುದಿಯಲ್ಲಿ ಕೂತು ಹೋಗೋ ಉಪಕರಣದಲ್ಲಿ.

2023ರಲ್ಲಿ ಸೂರ್ಯನನ್ನ ನೋಡೋಕೆ ಹೋದ ಆದಿತ್ಯ-ಎಲ್1ನ ಮುಖ್ಯ ಪೇಲೋಡ್ (ಅಂದ್ರೆ ಅದು ಹೊತ್ತೊಯ್ಯೋ ಉಪಕರಣ) ವಿಇಎಲ್‌ಸಿ ತಯಾರಾಗಿದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್) ಕ್ಯಾಂಪಸ್‌ನಲ್ಲಿ. 2024ರ ಜನವರಿ 1ಕ್ಕೆ ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣ ಮಾಡಿದ್ದು ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು, ಅದು ಎಕ್ಸ್-ರೇ ಪೋಲರೈಸೇಶನ್ ಅಳೆಯೋದು ಥಾಮ್ಸನ್ ಸ್ಕ್ಯಾಟರಿಂಗ್ (ಎಲೆಕ್ಟ್ರಾನ್‌ಗೆ ತಾಗಿ ಕಿರಣ ಚದುರೋದು) ಮೇಲೆ, ಅಂದ್ರೆ ನೀವು ಎಕ್ಸಾಮ್‌ಗೆ ಡಿರೈವ್ ಮಾಡಿದ್ದೇ! ಇಂಥ ಕಡೆ ಸೇರೋಕೆ ಬಿಎಸ್ಸಿ ಆದ್ಮೇಲೆ ಜಾಮ್ (ಎಂಎಸ್ಸಿ ಪ್ರವೇಶ ಪರೀಕ್ಷೆ, JAM) ಬರೆದು ಒಳ್ಳೆ ಕಡೆ ಎಂಎಸ್ಸಿ ಮಾಡಿ, ಆಮೇಲೆ ಪಿಎಚ್‌ಡಿಗೆ ಇರೋ ಜೆಸ್ಟ್ (JEST) ಅಥವಾ ನೆಟ್ (NET) ಪರೀಕ್ಷೆ ಬರೆದು ಪಿಎಚ್‌ಡಿ. ಪಿಎಚ್‌ಡಿ ಬೇಡ ಅನ್ನೋರು ಗೇಟ್ (GATE) ಪರೀಕ್ಷೆಯ ಫಿಸಿಕ್ಸ್ ಪೇಪರ್ ಬರೆದು ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಐಐಎಸ್‌ಟಿಯಲ್ಲಿ ಆಪ್ಟಿಕಲ್ ಎಂಜಿನಿಯರಿಂಗ್ ಎಂಟೆಕ್ ನೋಡ್ಬಹುದು, ನನ್ನ ಪ್ರಕಾರ ಎಂಎಸ್ಸಿಯವರಿಗೆ ಇದಕ್ಕಿಂತ ಒಳ್ಳೆ ದಾರಿ ಕಮ್ಮಿ.

ಬೇಗ ಸಂಬಳ ಬೇಕು, ಮನೆ ಪರಿಸ್ಥಿತಿ ಹಾಗಿದೆ ಅನ್ನೋರಿಗೆ ಏರ್ ಟ್ರಾಫಿಕ್ ಕಂಟ್ರೋಲ್. ಏರ್‌ಪೋರ್ಟ್ಸ್ ಅಥಾರಿಟಿಯ ಜೂನಿಯರ್ ಎಕ್ಸಿಕ್ಯೂಟಿವ್ ಪೋಸ್ಟಿಗೆ ಬಿಎಸ್ಸಿ ಸಾಕು, ಆದ್ರೆ ಡಿಗ್ರಿಯಲ್ಲಿ ಫಿಸಿಕ್ಸ್ ಮ್ಯಾಥ್ಸ್ ಎರಡೂ ಇರ್ಲೇಬೇಕು, ಫಿಸಿಕ್ಸ್-ಕೆಮಿಸ್ಟ್ರಿ ತಗೊಂಡು ಮ್ಯಾಥ್ಸ್ ಬಿಟ್ಟವರು ಅಪ್ಲೈ ಮಾಡೋಕೇ ಆಗಲ್ಲ, ಹಾಗಾಗಿ ತಮ್ಮ ತಂಗಿ ಯಾರಾದ್ರೂ ಈಗ ಕಾಂಬಿನೇಷನ್ ಆರಿಸ್ತಿದ್ರೆ ಇದನ್ನ ಹೇಳಿ. ವಯಸ್ಸಿನ ಮಿತಿ ಜನರಲ್‌ಗೆ 27. ಕಂಪ್ಯೂಟರ್ ಟೆಸ್ಟ್ ಆದ್ಮೇಲೆ ವಾಯ್ಸ್ ಟೆಸ್ಟ್, ಮೆಡಿಕಲ್ ಎಲ್ಲ ಇರತ್ತೆ, ಇಂಗ್ಲಿಷ್ ಜೋರಾಗಿ ಓದಿ ನಾಲಿಗೆ ಪಳಗಿಸ್ಕೊಳ್ಳಿ, ಕನ್ನಡ ಮೀಡಿಯಂನವರಿಗೂ ಖಂಡಿತ ಆಗತ್ತೆ.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ನೇಮಕಾತಿ ಕೇಂದ್ರ ಸೆಪ್ಟಾಮ್ (CEPTAM) ಕರೆಯೋ ಟೆಕ್ನಿಕಲ್ ಅಸಿಸ್ಟೆಂಟ್ ಪೋಸ್ಟಿಗೂ ಬಿಎಸ್ಸಿ ಫಿಸಿಕ್ಸ್ ನಡೆಯತ್ತೆ, ಕರೆದಾಗ ಬಿಡ್ಬೇಡಿ.

ಪ್ರೈವೇಟ್ ಕಡೆ ಬೆಂಗಳೂರಲ್ಲೇ ಬೆಲ್ಲಾಟ್ರಿಕ್ಸ್ ಕಂಪನಿಯವರು ಹಾಲ್ ಥ್ರಸ್ಟರ್ (ಸ್ಯಾಟಲೈಟ್ ತಳ್ಳೋ ವಿದ್ಯುತ್ ಎಂಜಿನ್) ಮಾಡ್ತಾರೆ, ಅದು ಪ್ಲಾಸ್ಮಾ ಫಿಸಿಕ್ಸ್. ಪಿಕ್ಸೆಲ್ (Pixxel) ಕಂಪನಿಯವರ ಹೈಪರ್‌ಸ್ಪೆಕ್ಟ್ರಲ್ ಸ್ಯಾಟಲೈಟ್ (ಬೆಳಕನ್ನ ನೂರಾರು ಬಣ್ಣದ ಪಟ್ಟಿಯಾಗಿ ಬಿಡಿಸಿ ಫೋಟೋ ತೆಗೆಯೋದು) ಅಂದ್ರೆ ಸ್ಪೆಕ್ಟ್ರೋಸ್ಕೋಪಿ. ಅಲ್ಲಿಗೆ ಅಪ್ಲೈ ಮಾಡೋವಾಗ ಮಾರ್ಕ್ಸ್ ಕಾರ್ಡ್ ಒಂದೇ ಸಾಲಲ್ಲ, ಏನ್ ಮಾಡಿದೀರಿ ಅಂತ ತೋರಿಸ್ಬೇಕು. ಪೈಥಾನ್ ಕಲೀರಿ, ಇಸ್ರೋದ ಪ್ರದಾನ್ (PRADAN) ಡೇಟಾ ಪೋರ್ಟಲ್‌ನಲ್ಲಿ ಆದಿತ್ಯ-ಎಲ್1, ಚಂದ್ರಯಾನ-2 ಡೇಟಾ ಇದೆ, ರಿಜಿಸ್ಟರ್ ಆಗಿ ಡೌನ್‌ಲೋಡ್ ಮಾಡಿ ಒಂದು ಸೋಲಾರ್ ಫ್ಲೇರ್‌ನ (ಸೂರ್ಯನ ಮೇಲಿನ ಸ್ಫೋಟ) ಗ್ರಾಫ್ ನೀವೇ ಪ್ಲಾಟ್ ಮಾಡಿ, ಅದನ್ನೇ ರೆಸ್ಯೂಮೆಯ ಮೊದಲ ಪ್ರಾಜೆಕ್ಟ್ ಆಗಿ ಹಾಕಿ.