ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನನ್ನ ಜಿಪ್ಸಿಯ ನಕಲ್ ಸೀಲ್

ಸೈನ್ಯದ ಹರಾಜಿನಿಂದ ಹೊರಟು, ಎರಡು ಕೈ ದಾಟಿ ಮೂಡಿಗೆರೆ ಸೇರಿದ ಮಾರುತಿ ಜಿಪ್ಸಿ ಜೀಪು ನನ್ನದು. ಮೈಗೆ ಬಳಿದ ಬಿಳಿ ಆಮೇಲಿನದು. ಹಿಂದಿನ ಆಕ್ಸಲ್ಲಿನ ನಡುಗುಂಡಿನ ಮೇಲಿರುವ ಬಿಳಿ ಮಾತ್ರ ಸೈನ್ಯದ್ದೇ. ರಾತ್ರಿ ದೀಪ ಆರಿಸಿ ಸಾಲಾಗಿ ಹೋಗುವಾಗ ಹಿಂದಿನ ಚಾಲಕನಿಗೆ ಮುಂದಿನ ಗಾಡಿ ಗೊತ್ತಾಗಲೆಂದು ಆ ಬಿಳಿ ಗುಂಡಿನ ಮೇಲೆ ಬೆಳಕು ಬೀಳುವಂತೆ ಒಂದು ಪುಟ್ಟ ದೀಪವಿರುತ್ತದೆ. ನನ್ನದರಲ್ಲಿ ದೀಪ ಹೋಗಿದೆ, ಬಣ್ಣ ಉಳಿದಿದೆ.

ತೊಂದರೆ ಇದ್ದದ್ದು ಮುಂದಿನ ಆಕ್ಸಲ್ಲಿನಲ್ಲಿ. ಮಳೆಗಾಲ ಶುರುವಾದರೆ ಸಾಕು, ಎಡ ಚಕ್ರದ ಒಳಮೈಯಲ್ಲಿ ಕಪ್ಪು ಗೆರೆಗಳು ಇಳಿಯುತ್ತಿದ್ದವು. ಕಾರುಗಳಲ್ಲಾದರೆ ಚಕ್ರದ ಜಾಯಿಂಟಿಗೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಬಿದ್ದ ರಬ್ಬರ್ ಬೂಟು ಇರುತ್ತದೆ. ಜಿಪ್ಸಿಯಲ್ಲಿ ಅದಿಲ್ಲ. ಆಕ್ಸಲ್ಲಿನ ತುದಿಯಲ್ಲಿ ತೆಂಗಿನ ಚಿಪ್ಪಿನಂಥ ಉಕ್ಕಿನ ಗೋಳ, ಅದರೊಳಗೆ ಗ್ರೀಸಿನಲ್ಲಿ ಮುಳುಗಿದ ಜಾಯಿಂಟ್, ಗೋಳವನ್ನು ಹೊರಗಿನಿಂದ ತಬ್ಬಿಕೊಂಡು, ಸ್ಟೀರಿಂಗ್ ತಿರುವಿದಾಗ ಚಕ್ರದೊಂದಿಗೆ ಎಡಬಲಕ್ಕೆ ಹೊರಳುವ ನಕಲ್ (knuckle) ಎಂಬ ಗೆಣ್ಣು. ಇವೆರಡರ ಸಂದಿಯನ್ನು ಮುಚ್ಚುವುದು ಒಂದು ರಬ್ಬರ್ ಉಂಗುರ, ಒಂದು ಫೆಲ್ಟ್ ಪಟ್ಟಿ, ಅವನ್ನು ಒತ್ತಿ ಹಿಡಿಯುವ ಎರಡು ತುಂಡಿನ ತಗಡಿನ ಬಳೆ. ಬೂಟಿನ ಕೆಲಸವೆಲ್ಲ ಇವುಗಳದೇ.

ಮೊದಲ ಸಲ ನಾನು ಮಾಡಿದ್ದು ಸೋಮಾರಿಯ ಕೆಲಸ. ಬಳೆ ಬಿಚ್ಚಿ, ಹಳೆಯ ಉಂಗುರವನ್ನು ಕತ್ತರಿಸಿ ಎಸೆದು, ಹೊಸದನ್ನೂ ಬ್ಲೇಡಿನಿಂದ ಒಂದು ಕಡೆ ಸೀಳಿ ಗೋಳಕ್ಕೆ ಸುತ್ತಿ, ಸೀಳು ಮೇಲೆ ಬರುವಂತೆ ಕೂರಿಸಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಆಷಾಢ ಮುಗಿಯುವಷ್ಟರಲ್ಲಿ ಗೆರೆಗಳು ಮತ್ತೆ ಹಾಜರ್. ತಪ್ಪು ಸೀಳಿನದೆಂದು ಬೈದುಕೊಂಡೆ. ಆದರೆ ಸೋರಿದ್ದನ್ನು ಬೆರಳಿಗೆ ತೆಗೆದುಕೊಂಡು ಮೂಸಿದಾಗ ಅನುಮಾನ ಬಂತು. ಗ್ರೀಸಿಗೆ ಅಂಥ ವಾಸನೆ ಇರುವುದಿಲ್ಲ. ಅದು ಗಂಧಕದ ಘಾಟು, ಡಿಫರೆನ್ಷಿಯಲ್ಲಿನ, ಅಂದರೆ ಆಕ್ಸಲ್ಲಿನ ಗುಂಡಿನೊಳಗೆ ಚಕ್ರಗಳನ್ನು ತಿರುಗಿಸುವ ಗೇರುಗಳ, ಎಣ್ಣೆ. ಅಂದರೆ ಆಕ್ಸಲ್ ಕೊಳವೆಯೊಳಗಿನ ಇನ್ನೊಂದು ಸಣ್ಣ ಸೀಲನ್ನು ದಾಟಿ ಎಣ್ಣೆ ಗೋಳಕ್ಕೆ ಬರುತ್ತಿತ್ತು, ಗ್ರೀಸನ್ನು ಗಂಜಿಯಂತೆ ತೆಳುವಾಗಿಸಿ ಹೊರಗೆ ತಳ್ಳುತ್ತಿತ್ತು. ನಾನು ಎಮ್ಮೆಗೆ ಬರೆ ಹಾಕಿದ್ದೆ.

ಹಾಗಾಗಿ ಎರಡನೆಯ ಸಲ ಪೂರ್ತಿ ಬಿಚ್ಚಿದೆ. ಆಕ್ಸಲ್ಲಿನ ಎಣ್ಣೆ ಇಳಿಸಿ, ಬ್ರೇಕ್ ಕ್ಯಾಲಿಪರನ್ನು ಅದರ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ಸ್ಪ್ರಿಂಗಿಗೆ ನೇತುಹಾಕಿ, ಹಬ್, ಡಿಸ್ಕ್, ಸ್ಪಿಂಡಲ್ ತೆಗೆದು ಶಾಫ್ಟನ್ನು ಜಾಯಿಂಟಿನ ಸಮೇತ ಹೊರಗೆಳೆದೆ. ಒಳಗಿದ್ದ ಗ್ರೀಸ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ನೀರು ಕುಡಿದಿತ್ತು. ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ, ಪುಣ್ಯಕ್ಕೆ, ಗುಂಡುಗಳು ಓಡುವ ಹಾದಿ ನುಣ್ಣಗೇ ಇತ್ತು.

ನಕಲನ್ನು ಗೋಳಕ್ಕೆ ಮೇಲೂ ಕೆಳಗೂ ಹಿಡಿದಿರುವ ಪಿನ್ನುಗಳೇ ಕಿಂಗ್‌ಪಿನ್, ಅವುಗಳಡಿಯ ತೆಳು ತಗಡುಗಳೇ ಶಿಮ್. ಮೇಲಿನ ಕಿಂಗ್‌ಪಿನ್‌ನ ಶಿಮ್‌ಗಳು ಕೆಳಗಿನದಕ್ಕೆ ಬೆರೆಯಬಾರದು. ನಾನು ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟೆ. ಕೆಳಗಿನ ಪಿನ್ ಎಳೆಯುವಾಗ ಬೇರಿಂಗ್ ಸದ್ದಿಲ್ಲದೆ ಜಾರಿ ಬೀಳುತ್ತದೆ, ಅದಕ್ಕೊಂದು ಕೈ ಒಡ್ಡಿರಬೇಕು. ಇಲ್ಲಿ ಇನ್ನೊಂದು ಎತ್ತು ಸಿಕ್ಕಿತು: ಬೇರಿಂಗ್ ಸವೆದು ನಕಲ್ ಅಲ್ಲಾಡುತ್ತಿತ್ತು. ಗೋಳದ ಮೇಲೆ ನಕಲ್ ಓಲಾಡಿದರೆ ಎಂಥ ರಬ್ಬರ್ ಹಾಕಿದರೂ ಒಂದು ಕಡೆ ಹಿಂಡಿ, ಇನ್ನೊಂದು ಕಡೆ ಬಾಯಿಬಿಡುತ್ತದೆ. ಬೇರಿಂಗ್ ಹೊಸದಾಯಿತು. ಗೋಳದ ಮೇಲಿನ ತುಕ್ಕಿನ ಚುಕ್ಕೆಗಳನ್ನು ನಯವಾದ ಎಮರಿ ಕಾಗದದಿಂದ ಉಗುರು ಸವರಿದರೂ ತಡೆಯದಷ್ಟು ಉಜ್ಜಿದೆ.

ಒಳಸೀಲನ್ನು ಅದರ ಅಳತೆಯ ಪೈಪಿನ ತುಂಡಿಟ್ಟು ನೇರವಾಗಿ ಬಡಿದು ಕೂರಿಸಿ, ಸೀಲಿನ ರಬ್ಬರ್ ತುಟಿಗೆ ಗ್ರೀಸ್ ಸವರಿದೆ. ಶಾಫ್ಟನ್ನು ತೂರಿಸುವಾಗ ನನಗೆ ಉಸಿರಾಡಲೂ ಭಯ. ಅದರ ತೂಕ ಒಂದು ಕ್ಷಣ ತುಟಿಯ ಮೇಲೆ ಕುಳಿತರೆ ಹೊಸ ಸೀಲ್ ಹರಿಯಿತೆಂದೇ ಲೆಕ್ಕ. ಒಂದು ಕೈ ಕೆಳಗೆ ಕೊಟ್ಟು, ತುದಿಯ ಹಲ್ಲುಗಳು ಡಿಫರೆನ್ಷಿಯಲ್ಲಿಗೆ ಸಿಕ್ಕುವ ತನಕ ಮೆಲ್ಲಗೆ ತಿರುಗಿಸುತ್ತ ಒಳಬಿಟ್ಟೆ. ಮೊಲಿ ಗ್ರೀಸ್ ತುಂಬಿದೆ, ಸ್ಪಿಂಡಲ್ ಬಿಗಿದೆ, ಹಬ್ ಏರಿಸಿದೆ. ಸೊಂಟ ಹಿಡಿದುಕೊಂಡು ಎದ್ದು ನಿಂತರೆ, ಹೊಸ ರಬ್ಬರ್ ಉಂಗುರ ಬೆಂಚಿನ ಮೇಲೆ ಕುಳಿತು ನನ್ನನ್ನೇ ನೋಡುತ್ತಿದೆ! ಸೀಳದ ಉಂಗುರವನ್ನು ನಕಲ್ ಕೂರಿಸುವ ಮೊದಲೇ ಗೋಳದ ಮೇಲಿಂದ ತೊಡಿಸಬೇಕು. ಸೀಳಲು ಮನಸ್ಸಾಗಲಿಲ್ಲ. ಮತ್ತೆ ಎಲ್ಲ ಬಿಚ್ಚಿದೆ.

ಎರಡನೆಯ ಜೋಡಣೆಯಲ್ಲಿ, ಉಂಗುರ ಮತ್ತು ಎಣ್ಣೆಯಲ್ಲಿ ನೆನೆಸಿದ ಫೆಲ್ಟನ್ನು ಮೊದಲು ತೊಡಿಸಿ, ಬಳೆ ಬಿಗಿಯುವ ಮುನ್ನ ಒಂದು ಪರೀಕ್ಷೆ ಮಾಡಿದೆ. ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ನಕಲ್ಲಿನ ತೋಳಿಗೆ ಸಿಕ್ಕಿಸಿ ಎಳೆದರೆ, ಒಂದು ಕಿಲೋಗಿಂತ ಹೆಚ್ಚು, ಎರಡಕ್ಕಿಂತ ಕಡಿಮೆ ಎಳೆತಕ್ಕೆ ನಕಲ್ ಅಲುಗಬೇಕು. ಸಡಿಲವಿತ್ತು. ಒಂದು ತೆಳು ಶಿಮ್ ತೆಗೆದಾಗ ಸರಿಹೋಯಿತು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿದಿತ್ತು: ಒಳಸೀಲ್ ಕೆಟ್ಟದ್ದೇಕೆ? ಎಣ್ಣೆ ತುಂಬುವಾಗ, ಆಕ್ಸಲ್ಲಿನೊಳಗೆ ಗಾಳಿ ಆಡಲೆಂದಿರುವ ಬ್ರೀದರ್ ಪೈಪನ್ನು ಕಳಚಿ ಬಾಯಿಟ್ಟು ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ತಂತಿ ಹಾಕಿ ಕೆದಕಿದಾಗ ಕೆಮ್ಮಣ್ಣಿನ ಬಿರಡೆಯೊಂದು ಪುಡಿಪುಡಿಯಾಗಿ ಬಂತು, ಅದರ ಹಿಂದೆ ಒಣಗಿದ ನಾಲ್ಕಾರು ಜೇಡಗಳು. ಕುಂಬಾರ ಹುಳು ಅಲ್ಲಿ ಮನೆ ಕಟ್ಟಿ ಮರಿಗೆ ಬುತ್ತಿಯನ್ನೂ ಇಟ್ಟಿತ್ತು. ಗಾಡಿ ಓಡಿ ಆಕ್ಸಲ್ ಬಿಸಿಯಾದರೆ ಒಳಗಿನ ಗಾಳಿ ಹಿಗ್ಗಿ, ದಾರಿ ಕಾಣದೆ ಎಣ್ಣೆಯನ್ನು ಸೀಲಿನ ಸಂದಿಯಿಂದ ಹೊರದಬ್ಬುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕೆ ಇಳಿದರೆ ಗಾಳಿ ಕುಗ್ಗಿ, ಅದೇ ಸಂದಿಯಿಂದ ನೀರನ್ನು ಹೀರುತ್ತದೆ. ನಮ್ಮ ತೋಟದ ದಾರಿಯಲ್ಲಿ ಎರಡು ಹಳ್ಳಗಳಿವೆ.

ಈಗ ಆ ಪೈಪನ್ನು ಉದ್ದ ಮಾಡಿ ಬಾನೆಟ್ಟಿನ ಕೆಳಗೆ ತಂದು, ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದ್ದೇನೆ. ಮಳೆಗಾಲ ಒಂದು ಕಳೆಯಿತು. ಎಡ ಗೋಳದ ಮೇಲೆ ಬೆರಳಿಗೆ ಅಂಟುವಷ್ಟು ತೆಳು ಗ್ರೀಸ್ ಇದೆ; ಅಷ್ಟು ಇರಬೇಕಾದದ್ದೇ. ಬಲಗಡೆಯದು ಮೊನ್ನೆಯಿಂದ ಗಂಧಕ ನಾರುತ್ತಿದೆ.