ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಅಮ್ಮನ ಪ್ರಯಾಣಕ್ಕೆ ನಾನು ಹಾಕಿದ ಲೆಕ್ಕ

ತುಮಕೂರಿನ ನಮ್ಮ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ತಮ್ಮನ ಮನೆಗೆ ಅಮ್ಮ ಒಬ್ಬರೇ ಹೊರಡುವುದೆಂದು ತೀರ್ಮಾನವಾದಾಗ ಅವರು ಮೊದಲು ಕೇಳಿದ್ದು, 12 ಗಂಟೆಗೊಮ್ಮೆ ನುಂಗುವ ಮಾತ್ರೆಯನ್ನು ದಾರಿಯಲ್ಲಿ ಯಾವಾಗ ನುಂಗಬೇಕು ಎಂದು. ಉತ್ತರ ಹೇಳಲು ದೂರದಿಂದಲೇ ಲೆಕ್ಕ ಆರಂಭಿಸಿದೆ.

ಮನೆಯಲ್ಲಿ 30 ಸೆಂಟಿಮೀಟರ್ ವ್ಯಾಸದ ಹಳೆಯ ಗ್ಲೋಬ್ ಇತ್ತು. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಅಳೆದಾಗ ಸುಮಾರು 33 ಸೆಂಟಿಮೀಟರ್ ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆದ್ದರಿಂದ ಆ ಗ್ಲೋಬಿನ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್, ಅಂದರೆ ಒಟ್ಟು ದೂರ 14,000 ಕಿಲೋಮೀಟರ್. ಅಕ್ಷಾಂಶ ರೇಖಾಂಶಗಳನ್ನು ಹಿಡಿದು ತ್ರಿಕೋನಮಿತಿಯ ಸೂತ್ರದಿಂದ ಲೆಕ್ಕ ಹಾಕಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂದದ್ದು ಕಂಡು, ಶಾಲೆ ಬಿಟ್ಟು ಎಷ್ಟೋ ವರ್ಷಗಳ ಮೇಲೆ, ಸ್ವಲ್ಪ ಹೆಮ್ಮೆಯೇ ಆಯಿತು. ಗೋಡೆಯ ನಕ್ಷೆಯಲ್ಲಿ ಪೆಸಿಫಿಕ್ ಸಾಗರದ ಅಡ್ಡಕ್ಕೆ ಕಾಣುವ ದಾರಿ, ದಾರ ಹಿಡಿದಾಗ ಚೀನಾ, ಸೈಬೀರಿಯಾಗಳನ್ನು ದಾಟಿ ಅಲಾಸ್ಕಾದ ಕಡೆಯಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರಿನ ನಡುವೆ ನೇರ ಸಂಚಾರ ಆರಂಭಿಸಿದಾಗ, ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿ ತಂದಿದ್ದರು.

ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ಟಿಕೆಟ್ಟಿನಲ್ಲಿದ್ದದ್ದು ಸುಮಾರು 17. ವಿಮಾನ ದಾರದಂತೆ ನೇರ ಹೋಗುವುದಿಲ್ಲ. ಒಳಗಿನ ವಾಯು ಒತ್ತಡ ಕುಸಿದರೆ ಸುಮಾರು 10,000 ಅಡಿಗೆ ಬೇಗ ಇಳಿಯಬೇಕಾಗುವುದರಿಂದ, ಅದಕ್ಕಿಂತ ಎತ್ತರದ ನೆಲವೇ ಹರಡಿಕೊಂಡಿರುವ ಟಿಬೆಟ್ಟಿನ ಮೇಲೆ ಹಾರುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಬೆನ್ನಿಗೆ ಸಿಗುವುದಾದರೆ ಸುತ್ತು ದಾರಿಯೂ ಲಾಭವೇ. ಫ್ರಾಂಕ್‌ಫರ್ಟ್ ಮೂಲಕ ಹೋಗುವ ಟಿಕೆಟ್ಟನ್ನೂ ನೋಡಿದ್ದೆ. ಅಲ್ಲಿ ದೂರವೇ 16,500 ಕಿಲೋಮೀಟರ್ ದಾಟುತ್ತದೆ, ಮೇಲೆ ವಿಮಾನ ಬದಲಿಸುವ ಓಡಾಟ ಬೇರೆ. ಅಮ್ಮನ ಮಂಡಿನೋವನ್ನು ನೆನೆದು ಅದನ್ನು ಕೈಬಿಟ್ಟೆ.

ನಾನು ಎಡವಿದ್ದು ಗಡಿಯಾರದಲ್ಲಿ. ಬೆಂಗಳೂರಿನಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಕಳೆದರೆ ನಮ್ಮಲ್ಲಿ ಮರುದಿನ ಬೆಳಗಿನ 7. ಅದರಲ್ಲಿ ಹದಿಮೂರೂವರೆ ಗಂಟೆ ಕಳೆದು, ಅಲ್ಲಿ ಹೊರಟ ದಿನವೇ ಸಂಜೆ 5:30ಕ್ಕೆ ಇಳಿಯುತ್ತಾರೆಂದು ತಮ್ಮನಿಗೆ ಹೇಳಿದೆ. ಟಿಕೆಟ್ಟಿನಲ್ಲಿ 6:30 ಎಂದಿದ್ದುದನ್ನು ಮುದ್ರಣದ ತಪ್ಪೆಂದು ಭಾವಿಸಿದ್ದು ನನ್ನ ದಡ್ಡತನ. ಅಮ್ಮ ಹೊರಟದ್ದು ಮಾರ್ಚ್ ಕೊನೆಯಲ್ಲಿ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರದವರೆಗೆ ಅಂತರ ಹನ್ನೆರಡೂವರೆ ಗಂಟೆ ಮಾತ್ರ. ತಮ್ಮ ಒಂದು ಗಂಟೆ ಮೊದಲೇ ಹೋಗಿ ಕಾದ.

ಮಾತ್ರೆಯ ಪ್ರಶ್ನೆಗೆ ಈ ಅಂತರವೇ ಉತ್ತರ ಕೊಟ್ಟಿತು. ಅಮ್ಮನ ಕೈಗಡಿಯಾರವನ್ನು ಭಾರತದ ಸಮಯದಲ್ಲಿಯೇ ಇರಿಸಿದೆ. ನಮ್ಮ ರಾತ್ರಿ 8ಕ್ಕೆ ವಿಮಾನದಲ್ಲಿ ಒಂದು, ಇಳಿದ ಮೇಲೆ ನಮ್ಮ ಬೆಳಿಗ್ಗೆ 8ಕ್ಕೆ, ಅಂದರೆ ಅಲ್ಲಿನ ಸಂಜೆ 7:30ಕ್ಕೆ, ಇನ್ನೊಂದು. ಬೆಳಗಿನ ಮಾತ್ರೆ ರಾತ್ರಿಯದಾಯಿತು, ರಾತ್ರಿಯದು ಬೆಳಗಿನದಾಯಿತು, ನಡುವಿನ 12 ಗಂಟೆ ಮಾತ್ರ ಹಾಗೆಯೇ ಉಳಿಯಿತು.