ಅಳತೆಯಂತ್ರದಲ್ಲಿ ಉಳಿದ ಮದ್ದು: ನಾನು ಅದನ್ನು ತೆಗೆಯುವ ಕ್ರಮ

ಬಳಸಿದ ಬಂದೂಕಿನ ತೋಟೆಗಳಿಗೆ ಮತ್ತೆ ಮದ್ದು ತುಂಬುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಆರಂಭದ ದಿನಗಳಲ್ಲಿ, ತೋಟೆಗೆ ಬೇಕಾದಷ್ಟು ಮದ್ದನ್ನು ಅಳೆದು ಬೀಳಿಸುವ ಅಳತೆಯಂತ್ರದ ಹಾಪರ್‌ನಲ್ಲಿದ್ದ, ಅಂದರೆ ಮೇಲಿನ ಪಾತ್ರೆಯಲ್ಲಿದ್ದ, ಮದ್ದನ್ನು ಡಬ್ಬಿಗೆ ಸುರಿದು ಒಳಗೊಮ್ಮೆ ಜೋರಾಗಿ ಊದಿದರೆ ಯಂತ್ರ ಶುದ್ಧವಾಯಿತೆಂದೇ ನಂಬಿದ್ದೆ. ಆ ನಂಬಿಕೆ ಒಂದೇ ಸಂಜೆಯಲ್ಲಿ ಹೋಯಿತು. ಅಂದು ಕಡ್ಡಿಯಾಕಾರದ ರೈಫಲ್ ಮದ್ದನ್ನು ತೆಗೆದು ಗುಂಡುಕಾಳಿನ ಪಿಸ್ತೂಲು ಮದ್ದನ್ನು ಹಾಕಿಕೊಂಡು 50 ತೋಟೆಗಳನ್ನು ತುಂಬಿ ಮುಗಿಸಿದ್ದೆ. ಕೊನೆಯದಾಗಿ ಒಂದು ಅಳತೆಯನ್ನು ತಕ್ಕಡಿಯ ತಟ್ಟೆಗೆ ಬೀಳಿಸಿ ನೋಡಿದರೆ, ಸಾಸಿವೆಗಿಂತ ಸಣ್ಣದಾದ ಕರಿಯ ಕಾಳುಗಳ ನಡುವೆ 4 ಕಡ್ಡಿಗಳು ಅಡ್ಡಡ್ಡ ಬಿದ್ದಿದ್ದವು. ನಾಲ್ಕೇ ಕಡ್ಡಿಗಳಿಂದ ಅನಾಹುತವಾಗದಿರಬಹುದು. ಆದರೆ ಅದಕ್ಕೆ ಮುಂಚಿನ ತೋಟೆಗಳಲ್ಲಿ ಎಷ್ಟು ಸೇರಿವೆ ಎಂದು ಹೇಳುವ ಯಾವ ದಾರಿಯೂ ನನಗಿರಲಿಲ್ಲ. ಐವತ್ತನ್ನೂ ಬಿಚ್ಚಿ, ಅಷ್ಟೂ ಮದ್ದನ್ನು ಬಳಕೆಯಿಂದ ಹೊರಗಿಟ್ಟೆ.

ಆ ಕಡ್ಡಿಗಳು ಎಲ್ಲಿ ಅಡಗಿದ್ದವೆಂದು ತಿಳಿಯಲು ಯಂತ್ರವನ್ನು ಬಿಚ್ಚಿ ದೀಪದ ಕೆಳಗೆ ಹಿಡಿದೆ. ಮದ್ದನ್ನು ಅಳೆಯುವ ಡ್ರಮ್ಮು ತಿರುಗುವಾಗ ಅದರ ಕುಳಿಯ ಅಂಚಿಗೂ ಹೊರಕವಚಕ್ಕೂ ನಡುವೆ ಸಿಕ್ಕ ಕಡ್ಡಿಗಳು ಕತ್ತರಿಸಿಹೋಗುತ್ತವೆ. ಕೈಯಲ್ಲಿ ಹಿಡಿಕೆ ಕಿರ್ರೆಂದಂತಾಗುವುದು ಆಗಲೇ. ಹಾಗೆ ತುಂಡಾದ ಅರ್ಧ ಕಡ್ಡಿಗಳು ಆ ಕೂದಲೆಳೆಯ ಸಂದಿನಲ್ಲಿ ಒತ್ತಿಕೊಂಡು ನಿಂತಿದ್ದವು. ಅಳತೆಯನ್ನು ಹೆಚ್ಚುಕಡಿಮೆ ಮಾಡುವ ತಿರುಪಿನ ತುದಿಯಲ್ಲಿ ಮತ್ತು ಹಾಪರ್ ಒಳಗಿನ ತಡೆತಟ್ಟೆಯ ಅಡಿಯಲ್ಲಿಯೂ ಒಂದೆರಡು ಇದ್ದವು. ಊದಿದ ಗಾಳಿ ಇವುಗಳಲ್ಲಿ ಒಂದು ಜಾಗಕ್ಕೂ ಮುಟ್ಟುವುದಿಲ್ಲ. ಬದಲಿಗೆ ಉಸಿರಿನ ತೇವ ಒಳಗೆ ಸೇರುತ್ತದೆ.

ಈಗ ನಾನು ಹೀಗೆ ಮಾಡುತ್ತೇನೆ. ಮೊದಲು ಮೇಜಿನ ಮೇಲಿರುವ ಉಳಿದೆಲ್ಲ ಮದ್ದಿನ ಡಬ್ಬಿಗಳನ್ನೂ ತೋಟೆಯ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್‌ಗಳನ್ನೂ ಎತ್ತಿಟ್ಟು, ಈ ಮದ್ದಿನ ಮೂಲ ಡಬ್ಬಿ ಒಂದನ್ನು ಮಾತ್ರ ಎದುರಿಗಿಟ್ಟುಕೊಳ್ಳುತ್ತೇನೆ. ಹಾಪರ್‌ನಲ್ಲಿದ್ದದ್ದನ್ನು ಅದಕ್ಕೆ ಸುರಿದ ಮೇಲೆ ಹಿಡಿಕೆಯನ್ನು ಹತ್ತಿಪ್ಪತ್ತು ಬಾರಿ ಮೇಲೆ ಕೆಳಗೆ ಆಡಿಸಿ, ಯಂತ್ರದ ಮೈಯನ್ನು ಮರದ ಹಿಡಿಯಿಂದ ಮೆಲ್ಲನೆ ತಟ್ಟುತ್ತೇನೆ. ಏನೂ ಬೀಳದಂತಾದ ನಂತರ ಡ್ರಮ್ಮನ್ನು ಹೊರತೆಗೆದು, ಒಣಗಿದ ಮೃದುವಾದ ಕುಂಚದಿಂದ ಕುಳಿ, ತಿರುಪು, ಕವಚದ ಒಳಮೈ, ಮದ್ದು ಇಳಿಯುವ ಕೊಳವೆ ಎಲ್ಲವನ್ನೂ ಬಿಳಿಯ ಕಾಗದದ ಮೇಲೆ ಗುಡಿಸುತ್ತೇನೆ. ಕಾಗದ ಬಿಳಿಯದೇ ಆಗಿರಬೇಕು, ಏಕೆಂದರೆ ಹರಿವು ಸರಾಗವಾಗಲೆಂದೂ ಸ್ಥಿರವಿದ್ಯುತ್ತು ಕೂಡದಿರಲೆಂದೂ ಕಾಳುಗಳಿಗೆ ಗ್ರಾಫೈಟ್ ಲೇಪಿಸಿರುತ್ತಾರೆ, ಮತ್ತು ಆ ಕಪ್ಪು ಪುಡಿಯ ನಡುವೆ ಒಂದು ಕಾಳು ಉಳಿದರೂ ಬಿಳಿಯ ಮೇಲೆ ಮಾತ್ರ ಕಣ್ಣಿಗೆ ಬೀಳುತ್ತದೆ.

ವ್ಯಾಕ್ಯೂಮ್ ಕ್ಲೀನರನ್ನು ಈ ಕೆಲಸಕ್ಕೆ ಎಂದೂ ಬಳಸಬಾರದು. ಒಳಗೆಳೆದುಕೊಂಡ ಮದ್ದು ಮೋಟಾರಿನ ಕಿಡಿಗೆ ಹತ್ತಿಕೊಳ್ಳಬಹುದು. ನೆಲಕ್ಕೆ ಚೆಲ್ಲಿದ್ದನ್ನೂ ನಾನು ಪೊರಕೆ ಮತ್ತು ಮೊರದಿಂದಲೇ ಎತ್ತುತ್ತೇನೆ, ಅದನ್ನು ಡಬ್ಬಿಗೆ ಮರಳಿಸುವುದಿಲ್ಲ.

ಪ್ಲಾಸ್ಟಿಕ್ ಹಾಪರ್‌ನ ಮಾತು ಬೇರೆ. ನೈಟ್ರೊಸೆಲ್ಯುಲೋಸ್ ಜೊತೆಗೆ ನೈಟ್ರೊಗ್ಲಿಸರಿನ್ ಕೂಡ ಇರುವ ಮದ್ದನ್ನು ಅದರಲ್ಲಿ ದಿನಗಟ್ಟಲೆ ಬಿಟ್ಟರೆ ಕೆಲವು ಬಗೆಯ ಪ್ಲಾಸ್ಟಿಕ್ ಮಬ್ಬಾಗಿ ಮೆತ್ತಗಾಗುತ್ತದೆ. ನನ್ನ ಹಳೆಯ ಹಾಪರ್‌ನಲ್ಲಿ ಮದ್ದು ನಿಂತಿದ್ದ ಎತ್ತರಕ್ಕೆ ಸರಿಯಾಗಿ ಕಂದು ಗೆರೆಯೊಂದು ಮೂಡಿದೆ. ಬೆರಳಾಡಿಸಿದರೆ ಅದರ ಕೆಳಗಿನ ಭಾಗ ತರಿತರಿಯಾಗಿ ತಗಲುತ್ತದೆ. ಆ ತರಿಯಲ್ಲಿ ಕಾಳುಗಳು ಕಚ್ಚಿಕೊಳ್ಳುವುದರಿಂದ ಅದನ್ನು ಬಳಕೆಯಿಂದ ತೆಗೆದುಬಿಟ್ಟೆ. ಹೊಸ ಹಾಪರನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಉಜ್ಜದೆ ಹಾಗೆಯೇ ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಉಜ್ಜಿದರೆ ಹುಟ್ಟುವ ಸ್ಥಿರವಿದ್ಯುತ್ತೇ ಕಾಳುಗಳನ್ನು ಗೋಡೆಗೆ ಅಂಟಿಸುವುದು. ಸೋಪಿನ ತೆಳುಪದರ ಉಳಿದರೆ ಆ ಅಂಟು ಬಹಳ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ಕಿನ ಆಲಿಕೆಗೂ ಇದೇ ಉಪಚಾರ.

ಎರಕದ ಕಬ್ಬಿಣದ ಭಾಗಗಳಿಗೆ ನಾನು ನೀರು ಸೋಕಿಸುವುದಿಲ್ಲ, ತುಕ್ಕು ಹಿಡಿಯುತ್ತದೆ. ಅವುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಹತ್ತಿಬಟ್ಟೆಯಿಂದ ಒರೆಸುತ್ತೇನೆ, ಆದರೆ ಮದ್ದೆಲ್ಲ ಕೋಣೆಯಿಂದ ಹೊರಗೆ ಹೋದ ಮೇಲೆ, ಕಿಟಕಿ ತೆರೆದಿಟ್ಟು. ಡ್ರಮ್ಮಿಗೆ ಎಣ್ಣೆ ಹಚ್ಚುವ ತಪ್ಪನ್ನೂ ಒಮ್ಮೆ ಮಾಡಿದ್ದೇನೆ. ಎಣ್ಣೆ ತಾಗಿದ ಕಾಳು ಕೆಡುತ್ತದೆ, ಜೊತೆಗೆ ಪುಡಿಯೆಲ್ಲ ಅಲ್ಲಿ ಮುದ್ದೆಗಟ್ಟಿ ಅಳತೆ ಏರುಪೇರಾಗುತ್ತದೆ. ಜಾರುವಿಕೆ ಬೇಕಿದ್ದರೆ ಒಣ ಗ್ರಾಫೈಟ್ ಸಾಕು.

ತಕ್ಕಡಿಯ ತಟ್ಟೆಯನ್ನು ಮರೆಯುವವರು ಬಹಳ ಮಂದಿ. ಮದ್ದು ತೂಗುವ ಗ್ರೇನ್ ಎಂಬ ಅಳತೆ ಕೇವಲ 0.0648 ಗ್ರಾಂ, ಸಣ್ಣ ಪಿಸ್ತೂಲು ತೋಟೆಗೆ ನಾಲ್ಕೈದು ಗ್ರೇನ್ ಹಿಡಿಯುವಲ್ಲಿ ತಟ್ಟೆಗೆ ಅಂಟಿದ ಚಿಟಿಕೆ ಪುಡಿಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ತಟ್ಟೆಯನ್ನು ಒರೆಸಿದ ಮೇಲೆ ತಕ್ಕಡಿ ಸೊನ್ನೆಗೆ ನಿಲ್ಲುತ್ತದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಬಳಿಕವೂ, ಮುಂದಿನ ಬಾರಿ ಹೊಸ ಮದ್ದು ಹಾಕಿದಾಗ ಮೊದಲ ಹತ್ತು ಅಳತೆಗಳನ್ನು ತೋಟೆಗೆ ತುಂಬದೆ ಬಿಳಿಯ ಕಾಗದದ ಮೇಲೆ ಹರಡಿ ನೋಡುತ್ತೇನೆ. ಬೇರೆ ಆಕಾರದ ಒಂದು ತುಣುಕು ಕಂಡರೂ ಯಂತ್ರವನ್ನು ಮತ್ತೆ ಬಿಚ್ಚುತ್ತೇನೆ. ಗುಡಿಸಿದ ಮಿಶ್ರಪುಡಿಯನ್ನು ಕಸದ ಬುಟ್ಟಿಗಾಗಲಿ ಚರಂಡಿಗಾಗಲಿ ಹಾಕದೆ, ಹೆಸರು ಬರೆದ ಪ್ರತ್ಯೇಕ ಡಬ್ಬಿಯಲ್ಲಿ ಸ್ವಲ್ಪವೇ ಕೂಡಿಸಿ, ನಿಯಮ ಒಪ್ಪುವಲ್ಲಿ, ಒಣಹುಲ್ಲು ಮತ್ತು ಕಟ್ಟಡಗಳಿಂದ ದೂರದ ಬಯಲಿನಲ್ಲಿ ತೆಳುವಾಗಿ ಹರಡಿ ಸುಡುತ್ತೇನೆ. ಬಳಿಕ ಕೈಗಳನ್ನು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತೇನೆ, ಏಕೆಂದರೆ ಆ ಮೇಜಿನ ಧೂಳಿನಲ್ಲಿ ಮದ್ದಿನ ಜೊತೆ ಸೀಸವೂ ಇರುತ್ತದೆ. ಹಾಪರ್ ಖಾಲಿಯಾಗಿರುವಾಗ ಅದರ ಮುಚ್ಚಳವನ್ನು ತೆರೆದೇ ಇಡುತ್ತೇನೆ, ಮುಚ್ಚಿದ ಹಾಪರ್ ಎಂದರೆ ಒಳಗೆ ಮದ್ದಿದೆ ಎಂಬುದು ನನ್ನ ಮೇಜಿನ ಗುರುತು.